ಕಾರು ಸರಿಯಿಲ್ಲ ಅಂತ ಆಕೆ ಹೇಳಿದ್ದರು

ಎಲ್ಲರಿಗೂ ನಮಸ್ಕಾರ. ಇವತ್ತು ಒಂದು ಅರ್ಧ ಅಂಕದ ಬಗ್ಗೆ ಮಾತಾಡಬೇಕು.

ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಷಿಪ್ ಶುರುವಾಗಿದ್ದು 1950ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಹೆಣ್ಣುಮಕ್ಕಳೆಲ್ಲ ಸೇರಿ ಗಳಿಸಿರುವ ಅಂಕ ಎಷ್ಟು ಗೊತ್ತಾ? ಅರ್ಧ. ಒಂದೂ ಇಲ್ಲ, ಬರೀ ಅರ್ಧ. ಗಳಿಸಿದವರು ಇಟಲಿಯ ಲೆಲ್ಲಾ ಲೊಂಬಾರ್ಡಿ. 1975ರ ಏಪ್ರಿಲ್ 27, ಬಾರ್ಸಿಲೋನಾದ ಮಾಂಜುಯಿಕ್ ಗುಡ್ಡದ ರಸ್ತೆಗಳಲ್ಲಿ ಸ್ಪ್ಯಾನಿಷ್ ಗ್ರ್ಯಾನ್ ಪ್ರಿ, ಅಂದರೆ ಸ್ಪೇನಿನ ಫಾರ್ಮುಲಾ ಒನ್ ರೇಸ್. ಪಕ್ಕದ ಕಬ್ಬಿಣದ ತಡೆಗೋಡೆಯ ಬೋಲ್ಟ್‌ಗಳನ್ನೇ ಸರಿಯಾಗಿ ಬಿಗಿದಿರಲಿಲ್ಲ. ಓಡಿಸಲ್ಲ ಅಂತ ಚಾಲಕರು ಪಟ್ಟು ಹಿಡಿದರು. ತಂಡಗಳ ಮೆಕ್ಯಾನಿಕ್‌ಗಳೇ ಸ್ಪ್ಯಾನರ್ ಹಿಡಿದು ಹೋಗಿ ಬಿಗಿ ಮಾಡಿ ಬಂದರು. ರೇಸ್ ನಡುವೆ ರಾಲ್ಫ್ ಸ್ಟಾಮೆಲೆನ್ ಅವರ ಕಾರಿನ ಹಿಂದಿನ ರೆಕ್ಕೆ ಮುರಿದು, ಕಾರು ತಡೆಗೋಡೆ ದಾಟಿ ಬಿತ್ತು. ಆಚೆ ನಿಂತಿದ್ದವರ ಪ್ರಾಣ ಹೋಯಿತು. 75 ಸುತ್ತಿನ ರೇಸನ್ನು 29ಕ್ಕೇ ನಿಲ್ಲಿಸಿದರು. ಆಗ ಲೊಂಬಾರ್ಡಿ ಆರನೇ ಸ್ಥಾನದಲ್ಲಿದ್ದರು. ಆಗಿನ ಲೆಕ್ಕದಲ್ಲಿ ಆರನೆಯವರಿಗೆ ಒಂದು ಅಂಕ, ರೇಸ್ ಅರ್ಧಕ್ಕೆ ನಿಂತದ್ದರಿಂದ ಅದರಲ್ಲೂ ಅರ್ಧ.

ಆವತ್ತು ಎಷ್ಟೋ ಕಾರುಗಳು ಹೊರಬಿದ್ದವು, ಅದೃಷ್ಟ ಅಷ್ಟೇ ಅನ್ನುವವರಿದ್ದಾರೆ. ಅನ್ನಲಿ. ನನ್ನನ್ನು ಹೆಚ್ಚು ಕಾಡುವುದು ಆಕೆ ಕೂತಿದ್ದ ಕಾರು.

ಅದು ಮಾರ್ಚ್ ಅನ್ನೋ ಕಂಪನಿಯ 751 ಮಾದರಿಯ ಕಾರು. ತಿರುವಿಗೆ ಹಾಕಿದರೆ ಕಾರು ಸರಿಯಾಗಿ ತಿರುಗುತ್ತಿಲ್ಲ ಅಂತ ಆಕೆ ತಂಡಕ್ಕೆ ಹೇಳುತ್ತಲೇ ಇದ್ದರು. ತಂಡ ತಲೆಗೆ ಹಾಕಿಕೊಳ್ಳಲಿಲ್ಲ. ಮರುವರ್ಷ ಆ ಕಾರಿಗೆ ಸ್ವೀಡನ್ನಿನ ರಾನಿ ಪೀಟರ್ಸನ್ ಬಂದು ಕೂತರು. ಆ ಕಾಲದ ಅತಿವೇಗದ ಚಾಲಕರಲ್ಲಿ ಒಬ್ಬರು. ಅವರದ್ದೂ ಅದೇ ದೂರು. ಈ ಸಲ ಬಿಚ್ಚಿ ನೋಡಿದರು. ಹಿಂಭಾಗದ ಭಾರ ಹೊರುವ ಮೆಗ್ನೀಸಿಯಂ ಎರಕದ ಭಾಗವೇ ಬಿರುಕು ಬಿಟ್ಟಿತ್ತು. ಇದನ್ನು ಆಮೇಲೆ ಹೇಳಿಕೊಂಡವರು ಮಾರ್ಚ್ ಕಂಪನಿ ಕಟ್ಟಿದವರಲ್ಲೊಬ್ಬರಾದ ರಾಬಿನ್ ಹರ್ಡ್.

ಇದನ್ನು ಮೊದಲ ಸಲ ಓದಿದಾಗ ನನಗೆ ನೆನಪಾಗಿದ್ದು ನಮ್ಮೂರಿನ ಒಂದು ಗ್ಯಾರೇಜು. ಮುಂದಿನ ಎಡ ಚಕ್ರದಿಂದ ಗರ್ ಅನ್ನೋ ಸದ್ದು ಬರ್ತಿದೆ, ಬಲಕ್ಕೆ ತಿರುಗಿಸಿದಾಗ ಜಾಸ್ತಿಯಾಗುತ್ತೆ ಅಂತ ಹೇಳಿದೆ. ಆತ ಬಾನೆಟ್ ಕೂಡ ಎತ್ತಲಿಲ್ಲ. "ಏನಿಲ್ಲ ಮೇಡಂ, ಟೈರ್ ಸದ್ದು. ಸಾರ್‌ನ ಕಳಿಸಿ, ನೋಡೋಣ" ಅಂದ. ಮುಂದಿನ ವಾರ ನಮ್ಮ ಮನೆಯವರು ಹೋಗಿ, ನಾನು ಹೇಳಿಕೊಟ್ಟ ವಾಕ್ಯವನ್ನೇ ಹೇಳಿದರು. ಅರ್ಧ ಗಂಟೆಯಲ್ಲಿ ಚಕ್ರ ಬಿಚ್ಚಿದರು, ಬೇರಿಂಗ್ ಹೋಗಿತ್ತು. ಆ ಒಂದು ವಾರ ನಾನು ಅದೇ ಕಾರಿನಲ್ಲಿ ಮಗಳನ್ನು ಸ್ಕೂಲಿಗೆ ಬಿಟ್ಟು ಬರ್ತಿದ್ದೆ.

ಹೆಣ್ಣಿಗೆ ತಾಕತ್ತು ಸಾಲಲ್ಲ ಅನ್ನುವ ವಾದ ಸದಾ ಬರುತ್ತದೆ. ಫಾರ್ಮುಲಾ ಒನ್ ಕಾರಿಗೆ ಪವರ್ ಸ್ಟೇರಿಂಗ್ ಇದೆ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಎಫ್2 (ಫಾರ್ಮುಲಾ ಟು) ಕಾರಿನಲ್ಲಿ ಇಲ್ಲ. ಅಂದರೆ ಸ್ಟೇರಿಂಗ್ ಎಷ್ಟು ಗಟ್ಟಿ ಇರಬೇಕು ಅನ್ನುವುದು ಕಾರು ಮಾಡುವವರು ಕೂತು ತೀರ್ಮಾನಿಸಿದ ವಿಷಯ. ಕುತ್ತಿಗೆಗೆ, ತೋಳಿಗೆ ಕಸರತ್ತು ಬೇಕೇ ಬೇಕು, ಅದು ಗಂಡಸರಿಗೂ ಬೇಕು. ಆದರೆ ರೇಸಿನಲ್ಲಿ ಗೆಲ್ಲುವ ಕಾರು ಹುಟ್ಟುವುದು ಮಾತಿನಿಂದ. ಕಾರು ಎಲ್ಲಿ ಜಾರುತ್ತಿದೆ, ಬ್ರೇಕ್ ಯಾವಾಗ ಕಚ್ಚುತ್ತಿದೆ ಅಂತ ಚಾಲಕ ಬಂದು ಹೇಳಬೇಕು, ಎಂಜಿನಿಯರ್ ಅದನ್ನು ನಂಬಿ ಸ್ಪ್ರಿಂಗ್, ರೆಕ್ಕೆ ಬದಲಾಯಿಸಬೇಕು. ಮಾತನ್ನೇ ನಂಬದಿದ್ದರೆ ಆ ಕಾರು ಅವಳದ್ದಾಗುವುದೇ ಇಲ್ಲ.

ನಂಬಿದರೆ ಏನಾಗುತ್ತೆ? ಸಾಮಾನ್ಯ ರಸ್ತೆಗಳಲ್ಲಿ ನಡೆಯುವ ರ್‍ಯಾಲಿ ಪಂದ್ಯಗಳ ಚಾಲಕಿ, ಫ್ರಾನ್ಸಿನ ಮಿಷೆಲ್ ಮೂಟೊನ್ ಅವರನ್ನು ನೋಡಿ. ಆಡಿ ಕಂಪನಿ ಆಕೆಗೆ ಕೊಟ್ಟಿದ್ದು ತನ್ನ ಗಂಡು ಚಾಲಕರಿಗೆ ಕೊಟ್ಟ ಕ್ವಾಟ್ರೊ ಕಾರನ್ನೇ. ಪಕ್ಕದ ಸೀಟಿನಲ್ಲಿ ದಾರಿ ಓದುತ್ತಿದ್ದವರು ಫ್ಯಾಬ್ರಿಜಿಯಾ ಪೊನ್ಸ್. 1981ರಲ್ಲಿ ಸ್ಯಾನ್‌ರೆಮೊ ರ್‍ಯಾಲಿ ಗೆದ್ದರು, ವಿಶ್ವ ಚಾಂಪಿಯನ್‌ಷಿಪ್ ರ್‍ಯಾಲಿ ಗೆದ್ದ ಮೊದಲ ಹೆಣ್ಣು. 1982ರಲ್ಲಿ ಪೋರ್ಚುಗಲ್, ಗ್ರೀಸ್, ಬ್ರೆಜಿಲ್, ಮೂರೂ ಕಡೆ ಗೆಲುವು. ಪ್ರಶಸ್ತಿಗೆ ವಾಲ್ಟರ್ ರೋರ್ಲ್ ಜೊತೆ ಕೊನೆಯವರೆಗೂ ಪೈಪೋಟಿ. ಐವರಿ ಕೋಸ್ಟ್ ರ್‍ಯಾಲಿ ಶುರುವಾಗುವ ಹೊತ್ತಿಗೇ ಅಪ್ಪ ತೀರಿಕೊಂಡ ಸುದ್ದಿ ಬಂತು. ಆದರೂ ಓಡಿಸಿದರು, ಮುಂದೆಯೂ ಇದ್ದರು. ಗೇರ್‌ಬಾಕ್ಸ್ ಕೈಕೊಟ್ಟಿತು, ಆಮೇಲೆ ಅಪಘಾತ. ವರ್ಷದ ಕೊನೆಗೆ ಇಡೀ ಜಗತ್ತಿಗೇ ಎರಡನೇ ಸ್ಥಾನ. ಮಹಿಳಾ ವಿಭಾಗದಲ್ಲಲ್ಲ, ಎಲ್ಲರ ನಡುವೆ. ಆ ಅಪ್ಪನ ವಿಷಯ ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಈಗಿನ ಕಾಲಕ್ಕೆ ಬನ್ನಿ. ಹೆಣ್ಣುಮಕ್ಕಳಿಗೆಂದೇ ಇದ್ದ ರೇಸ್ ಸರಣಿ ಡಬ್ಲ್ಯೂ ಸೀರೀಸ್ ನಡೆದ ಮೂರೂ ಸೀಸನ್ ಗೆದ್ದವರು ಇಂಗ್ಲೆಂಡಿನ ಜೇಮಿ ಚಾಡ್ವಿಕ್. ಮೂರು ಸಲ ಗೆದ್ದರೂ ಎಫ್2ಗಿಂತ ಒಂದು ಮೆಟ್ಟಿಲು ಕೆಳಗಿನ ಎಫ್3 ಬಾಗಿಲು ಕೂಡ ತೆರೆಯಲಿಲ್ಲ. ಆಕೆ ಅಮೆರಿಕಕ್ಕೆ ಹೋಗಿ, 2024ರಲ್ಲಿ ರೋಡ್ ಅಮೆರಿಕ ಟ್ರ್ಯಾಕ್‌ನಲ್ಲಿ ಅಲ್ಲಿನ ಇಂಡಿಕಾರ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಇಂಡಿ ಎನ್‌ಎಕ್ಸ್‌ಟಿ ರೇಸ್ ಗೆದ್ದು ತೋರಿಸಿದರು. 2023ರಿಂದ ಎಫ್1 ಅಕಾಡೆಮಿ ಅನ್ನೋ ಹೆಣ್ಣುಮಕ್ಕಳ ರೇಸ್ ಸರಣಿ ಇದೆ. ಒಳ್ಳೆಯದೇ, ಚಿಕ್ಕ ಹುಡುಗಿಯರು ಅದನ್ನು ನೋಡಿ ಕಾರ್ಟಿಂಗ್‌ಗೆ ಬರಲಿ. ಆದರೆ ಅಲ್ಲಿ ಓಡುವುದು ಎಫ್3ಗೂ ಕೆಳಗಿನ ಎಫ್4 ಮಟ್ಟದ ಕಾರು. ಅಲ್ಲಿಂದ ಮೇಲಕ್ಕೆ ಹತ್ತುವ ಮೆಟ್ಟಿಲಿಗೆ ಕೋಟಿಗಟ್ಟಲೆ ದುಡ್ಡು, ಕೊಡುವ ಪ್ರಾಯೋಜಕರು ಕಡಿಮೆ.

ಟ್ರ್ಯಾಕ್ ಪಕ್ಕ ತಂಡದ ಎಂಜಿನಿಯರ್‌ಗಳು ಕೂರುವ ಪಿಟ್ ಗೋಡೆಯ ಮೇಲೆ ಮಾತ್ರ ಒಂದು ಬದಲಾವಣೆ ಬಂದಿದೆ. 2025ರಲ್ಲಿ ಹಾಸ್ ತಂಡದ ಎಸ್ತೆಬಾನ್ ಒಕಾನ್ ಅವರಿಗೆ ರೇಸ್ ಎಂಜಿನಿಯರ್ ಆಗಿ ಬಂದವರು ಲಾರಾ ಮುಲ್ಲರ್, ಫಾರ್ಮುಲಾ ಒನ್‌ನಲ್ಲಿ ಈ ಹುದ್ದೆಗೆ ಬಂದ ಮೊದಲ ಮಹಿಳೆ. ಗಂಡು ಚಾಲಕ ರೇಡಿಯೋದಲ್ಲಿ ಹೇಳಿದ್ದನ್ನು ಕೇಳಿಸಿಕೊಂಡು, ತೂಗಿ ನೋಡಿ, ಉತ್ತರ ಕೊಡುವ ಕೆಲಸ ಅದು.

ಕಾಕ್‌ಪಿಟ್‌ನಲ್ಲಿ? 1976ರ ಆಸ್ಟ್ರಿಯಾ ರೇಸಿನಲ್ಲಿ ಲೊಂಬಾರ್ಡಿ ಓಡಿಸಿದ್ದೇ ಕೊನೆ. ಆಮೇಲೆ ಒಬ್ಬ ಹೆಣ್ಣುಮಗಳೂ ಗ್ರ್ಯಾನ್ ಪ್ರಿ ಸಾಲಿನಲ್ಲಿ ನಿಂತು ಹೊರಟಿಲ್ಲ. 2014ರಲ್ಲಿ ಸೂಸಿ ವುಲ್ಫ್ ಅವರಿಗೆ ವಿಲಿಯಮ್ಸ್ ತಂಡ ಜರ್ಮನಿಯ ಹಾಕನ್‌ಹೈಮ್ ಟ್ರ್ಯಾಕ್‌ನಲ್ಲಿ ಒಂದು ಅಭ್ಯಾಸ ಅವಧಿ ಕೊಟ್ಟಿತು. ಅದೇ ತಂಡದ ಫೆಲಿಪೆ ಮಾಸಾಗಿಂತ ಸುಮಾರು ಎರಡು ಹತ್ತಾಂಶ ಸೆಕೆಂಡ್ ಮಾತ್ರ ಹಿಂದಿದ್ದರು.

ತಂಡಗಳಿಗೆ ನಾನು ಕೇಳುವುದು ಪರೀಕ್ಷಾ ದಿನಗಳನ್ನು. ಹಳೆಯ ಕಾರುಗಳನ್ನು ಖಾಸಗಿಯಾಗಿ ಓಡಿಸಿ ಹೊಸಬರನ್ನು ಪಳಗಿಸುವ ವ್ಯವಸ್ಥೆ ತಂಡಗಳಲ್ಲಿ ಇದ್ದೇ ಇದೆ. 2024ರಲ್ಲಿ ಮರ್ಸಿಡಿಸ್ ತನ್ನ ಹುಡುಗ ಕಿಮಿ ಆಂಟೊನೆಲ್ಲಿಗೆ ಒಂದಾದ ಮೇಲೊಂದು ಟ್ರ್ಯಾಕ್‌ನಲ್ಲಿ ದಿನಗಟ್ಟಲೆ ಓಡಿಸಲು ಕೊಟ್ಟಿತು. ಅದಕ್ಕೆ ಹಿಂದಿನ ವರ್ಷ ಆಸ್ಟನ್ ಮಾರ್ಟಿನ್ ತಂಡ ಹಂಗೇರಿಯಲ್ಲಿ ಜೆಸಿಕಾ ಹಾಕಿನ್ಸ್ ಅವರಿಗೂ ಕಾರು ಕೊಟ್ಟಿತ್ತು.

26 ಸುತ್ತು.