ಬೆರಳು ತೆಗೆಯೋ ಮುಂಚೆ ಸ್ವಲ್ಪ ತಾಳಿ

ಶುಗರ್ ಇರುವವರ ಕಾಲಿನ ಹುಣ್ಣು ಮೂಳೆಗೆ ಇಳಿದಿದೆ ಅಂದ ತಕ್ಷಣ ಮನೆಯವರು ಕೇಳೋದು ಒಂದೇ: "ಬೆರಳು ತೆಗೀಬೇಕಾ ಡಾಕ್ಟ್ರೇ?" ಎಷ್ಟೋ ಸಲ ಉತ್ತರ ಹೌದು ಅಂತಲೇ ಬರುತ್ತದೆ. ಆ ಅವಸರದ ಹೌದಿನ ಮೇಲೆ ನನಗೆ ತಕರಾರಿದೆ.

ಮ್ಯಾಡ್ರಿಡ್‌ನ ವೈದ್ಯರು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದು ಗುಂಪಿಗೆ 90 ದಿನ ಬರೀ ಆಂಟಿಬಯೋಟಿಕ್. ಇನ್ನೊಂದು ಗುಂಪಿಗೆ ಸೋಂಕು ತಗುಲಿದ ಮೂಳೆಯನ್ನಷ್ಟೇ ತೆಗೆಯುವ ಆಪರೇಷನ್. ಔಷಧಿಯವರಲ್ಲಿ 24ಕ್ಕೆ 18 ಜನರ ಹುಣ್ಣು ವಾಸಿಯಾಯಿತು, ಆಪರೇಷನ್ನಿನವರಲ್ಲಿ 22ಕ್ಕೆ 19. ಸಣ್ಣ ಅಧ್ಯಯನ, ಒಪ್ಪುತ್ತೇನೆ. ಆದರೆ ಕತ್ತರಿಸದೆ ಬೇರೆ ದಾರಿಯೇ ಇಲ್ಲ ಅನ್ನೋ ಮಾತು ಅಲ್ಲಿಗೆ ಬಿತ್ತು, ಅಲ್ವಾ? 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಆಯ್ದ ರೋಗಿಗಳಿಗೆ ಸುಮಾರು 6 ವಾರದ ಆಂಟಿಬಯೋಟಿಕ್ ಸಾಕಾಗಬಹುದು ಅನ್ನುತ್ತದೆ.

ಆಯ್ದ ರೋಗಿಗಳು ಅಂದೆ, ಗಮನಿಸಿ. ಸೋಂಕು ಪಾದದ ಮುಂಭಾಗದಲ್ಲಿರಬೇಕು. ಕಾಲಿಗೆ ರಕ್ತ ಚೆನ್ನಾಗಿ ಹರಿಯುತ್ತಿರಬೇಕು. ಒಳಗೆ ಕೀವು ಕಟ್ಟಿರಬಾರದು, ಮೂಳೆ ಹೊರಗೆ ಕಾಣುತ್ತಿರಬಾರದು. ಬೆರಳು ಕಪ್ಪಾಗಿ, ಜ್ವರ ಏರಿ, ಕೆಂಪು ಮೇಲಕ್ಕೆ ಹಬ್ಬುತ್ತಿದ್ದರೆ ನನ್ನ ವಿಡಿಯೋ ಬಿಟ್ಟು ಈಗಲೇ ಆಸ್ಪತ್ರೆಗೆ ಹೋಗಿ. ಅಲ್ಲಿ ಚಾಕುವೇ ಕಾಲು ಉಳಿಸೋದು.

ಇನ್ನು ಪರೀಕ್ಷೆ. ಡಾಕ್ಟರು ಹುಣ್ಣಿನೊಳಗೆ ತೆಳುವಾದ ಸ್ಟೀಲ್ ಕಡ್ಡಿ ಇಳಿಸುತ್ತಾರೆ. ತುದಿಗೆ ಗಟ್ಟಿಯಾಗಿ ಏನೋ ತಗುಲಿದರೆ ಮೂಳೆಯ ಮೇಲೆ ಅನುಮಾನ. ಮೊದಲ ವಾರಗಳಲ್ಲಿ ಎಕ್ಸ್‌ರೇ ಸರಿಯಾಗೇ ಕಾಣಬಹುದು, ಅದನ್ನು ನಂಬಿ ಸುಮ್ನೆ ಕೂರಬೇಡಿ. ಹುಣ್ಣಿನ ಮೇಲಿಂದ ಹತ್ತಿಯಲ್ಲಿ ಒರೆಸಿ ಲ್ಯಾಬಿಗೆ ಕಳಿಸಿದರೆ ಮೂಳೆಯೊಳಗಿನ ಕೀಟಾಣು ಯಾವುದು ಅಂತ ಖಚಿತವಾಗಲ್ಲ. ಮೂಳೆಯದೇ ಒಂದು ಚೂರು ತೆಗೆದು ನೋಡಿದರೆ ಯಾವ ಔಷಧಿ ನಾಟುತ್ತದೆ ಅಂತ ಹೆಚ್ಚು ಭರವಸೆಯಿಂದ ಹೇಳಬಹುದು.

ನಮ್ಮವರು ಸೋಲೋದು ಮಾತ್ರೆಯಲ್ಲಲ್ಲ, ನಡಿಗೆಯಲ್ಲಿ. ನೋವೇ ಗೊತ್ತಾಗದ ಪಾದ. ಮಾತ್ರೆ ನುಂಗಿಕೊಂಡೇ ಹಾಲು ತರೋಕೆ ಹೋಗುತ್ತಾರೆ, ದೇವಸ್ಥಾನದಲ್ಲಿ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕುತ್ತಾರೆ. ಪ್ರತಿ ಹೆಜ್ಜೆಗೂ ಅದೇ ಹುಣ್ಣಿನ ಮೇಲೆ ಮೈಭಾರ. ಡಾಕ್ಟರ್ ಪಾಲ್ ಬ್ರ್ಯಾಂಡ್ ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಮರಗಟ್ಟಿದ ಪಾದಕ್ಕೆ ಪ್ಲಾಸ್ಟರ್ ಹಾಕಿ ಹುಣ್ಣು ವಾಸಿ ಮಾಡುತ್ತಿದ್ದದ್ದು ಮೈಭಾರ ಹುಣ್ಣಿನ ಮೇಲೊಂದೇ ಬೀಳದಂತೆ ಹಂಚುವ ಉಪಾಯದಿಂದಲೇ. ಇಂಥ ಪ್ಲಾಸ್ಟರ್ ಅಥವಾ ವಿಶೇಷ ಬೂಟಿನ ಮಾತೇ ಎತ್ತದೆ ಬರೀ ಚೀಟಿ ಬರೆದು ಕಳಿಸೋದನ್ನು ನಾನು ಚಿಕಿತ್ಸೆ ಅಂತ ಕರೆಯಲ್ಲ.

ಬೆರಳು ತೆಗೆಸಿಬಿಟ್ಟರೆ ತಲೆನೋವು ಮುಗೀತು ಅನ್ನುವವರೂ ಇದ್ದಾರೆ. ಮುಗಿಯಲ್ಲ. ಅದರ ಭಾರ ಪಕ್ಕದ ಬೆರಳಿಗೆ ಬಿದ್ದು ಅಲ್ಲೊಂದು ಹೊಸ ಹುಣ್ಣು ಏಳಬಹುದು.

ಮಾತ್ರೆ ಮುಗಿದ ದಿನವೇ ವಾಸಿಯಾಯಿತು ಅಂತ ಸಿಹಿ ಹಂಚಬೇಡಿ, ಶುಗರ್ ಬೇರೆ ಇದೆ. ಇನ್ನೂ 6 ತಿಂಗಳು ಪಾದ ತೋರಿಸುತ್ತಿರಿ. ಅಷ್ಟರಲ್ಲಿ ಬೆರಳು ಮತ್ತೆ ಊದಿಕೊಂಡರೆ ಡಾಕ್ಟರು ಆಪರೇಷನ್ ಮಾತು ಎತ್ತಲಿ, ಆಗ ನಾನು ಅಡ್ಡ ಬರಲ್ಲ.