ಬಸ್ಸಾರಿನ ಕಟ್ಟು ಮತ್ತು ಮಗುವಿನ ಕಿಡ್ನಿ

ನಮಸ್ಕಾರ. ತಿಪಟೂರಿನಿಂದ ಒಬ್ಬ ತಾಯಿ ಮೆಸೇಜ್ ಕಳಿಸಿದ್ದಾರೆ. "ಮಗನಿಗೆ ಆರು ವರ್ಷ, ಕಿಡ್ನಿ ವೀಕ್ ಅಂದಿದ್ದಾರೆ. ದಿನಾ ಎಳನೀರು ಕೊಡು, ಕಿಡ್ನಿ ತೊಳೆದುಬಿಡುತ್ತೆ ಅಂತ ಮನೇಲಿ ಎಲ್ಲರೂ ಹೇಳ್ತಾರೆ. ಕೊಡ್ಲಾ?"

ಅಕ್ಕಾ, ಮನೆ ಹಿಂದೆಯೇ ತೆಂಗಿನ ತೋಟ ಇರುವ ಊರಲ್ಲಿ ಈ ಮಾತು ಹೇಳುವುದು ಕಷ್ಟ. ಆದರೂ ಡಾಕ್ಟರನ್ನು ಕೇಳದೆ ಕೊಡಬೇಡಿ.

ಕಾರಣ ಎಳನೀರಲ್ಲಿರುವ ಪೊಟ್ಯಾಷಿಯಂ ಎಂಬ ಖನಿಜ. ಅದನ್ನು ಹೊರಗೆ ಹಾಕುವುದು ಮುಖ್ಯವಾಗಿ ಕಿಡ್ನಿ. ಕಿಡ್ನಿ ಸೋತಾಗ ಅದು ರಕ್ತದಲ್ಲೇ ಉಳಿಯುತ್ತದೆ. ಜಾಸ್ತಿ ಆದರೆ ಎದೆಬಡಿತವೇ ತಪ್ಪುತ್ತದೆ. 100 ಮಿಲಿ ಎಳನೀರಲ್ಲಿ ಸುಮಾರು 200ರಿಂದ 250 ಮಿಲಿಗ್ರಾಂ ಪೊಟ್ಯಾಷಿಯಂ ಇರುತ್ತದೆ. ಒಂದು ದೊಡ್ಡ ಎಳನೀರು ಕುಡಿದರೆ ಮೂರು ನಾಲ್ಕು ಏಲಕ್ಕಿ ಬಾಳೆಹಣ್ಣು ತಿಂದ ಲೆಕ್ಕ.

(ದೃಶ್ಯ: ಒಲೆ ಮೇಲೆ ಪಾತ್ರೆ, ಸೊಪ್ಪು ಬಸಿಯುತ್ತಿರುವುದು)

ಈಗ ನನಗೆ ತುಂಬಾ ಇಷ್ಟವಾದ ವಿಷಯ. ನಮ್ಮ ಬಸ್ಸಾರು! ಸೊಪ್ಪು, ಕಾಳು ಬೇಯಿಸಿ ಬಸಿಯುತ್ತೇವೆ. ಬಸಿದ ನೀರೇ ಕಟ್ಟು. ಅದಕ್ಕೆ ಖಾರ ರುಬ್ಬಿ ಹಾಕಿದರೆ ಸಾರು, ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಪೊಟ್ಯಾಷಿಯಂ ನೀರಲ್ಲಿ ಕರಗುತ್ತದೆ, ಅಲ್ವಾ? ಹಾಗಾಗಿ ಬೇಯುವಾಗ ಸುಮಾರಷ್ಟು ಕಟ್ಟಿಗೆ ಇಳಿದಿರುತ್ತದೆ. ಹಸಿರು ಹಸಿರಾಗಿ ಘಮ್ಮೆನ್ನುವ ಆ ಕಟ್ಟೇ ಈ ಮಗುವಿಗೆ ಭಾರ. ತರಕಾರಿ ಸಣ್ಣಗೆ ಹೆಚ್ಚಿ, ನೀರು ಜಾಸ್ತಿ ಇಟ್ಟು ಬೇಯಿಸಿ, ಬಸಿದು ಚೆಲ್ಲಿ ಎಂದು ಆಸ್ಪತ್ರೆಯಲ್ಲಿ ಹೇಳಿಕೊಡುತ್ತಾರೆ. ನಮ್ಮ ಅಜ್ಜಿಯರ ಕೈಗೆ ಅದರ ಮುಕ್ಕಾಲು ಪಾಲು ಆಗಲೇ ಗೊತ್ತಿತ್ತು. ಪೂರ್ತಿ ಹೋಗುವುದಿಲ್ಲ, ನಿಜ. ಆದರೆ ಮನೆಯವರೆಲ್ಲ ಮುದ್ದೆ ಬಸ್ಸಾರು ಉಣ್ಣುವಾಗ ಮಗುವಿನ ತಟ್ಟೆಗೆ ಅನ್ನ, ಸ್ವಲ್ಪ ಪಲ್ಯ ಬೀಳಬಹುದು. ಅದೇ ಅಡುಗೆ, ಅದೇ ಪಂಕ್ತಿ. ಮಗು ಬೇರೆ ಕೂರಬೇಕಾಗಿಲ್ಲ.

ಆದರೆ ಈ ಪಥ್ಯ ಎಲ್ಲ ಮಕ್ಕಳಿಗೂ ಅಲ್ಲ. ರಕ್ತದ ರಿಪೋರ್ಟಲ್ಲಿ ಪೊಟ್ಯಾಷಿಯಂ ಸರಿ ಇದ್ದರೆ ಸುಮ್ನೆ ಬಾಯಿ ಕಟ್ಟಬೇಡಿ. ಹುಟ್ಟಿನಿಂದಲೇ ಕಿಡ್ನಿ ಸರಿಯಾಗಿ ಬೆಳೆಯದ ಕೆಲವು ಮಕ್ಕಳಿಗೆ ಮೂತ್ರ ಜಾಸ್ತಿ ಹೋಗುತ್ತದೆ. ಅವರಿಗೆ ನೀರು ಕಡಿಮೆ ಮಾಡುವುದೇ ಅಪಾಯ, ಬೇಸಿಗೆಯಲ್ಲಂತೂ ಇನ್ನೂ. ಬೇಳೆ, ಮೊಟ್ಟೆಯನ್ನೂ ನೀವಾಗಿ ನಿಲ್ಲಿಸಬೇಡಿ. ಬೆಳೆಯುವ ಮಗುವಿಗೆ ಪ್ರೋಟೀನ್ ಬೇಕು.

ಟೈಮ್ ಕಡಿಮೆ ಇದೆ, ಬೇಗ ಹೇಳುತ್ತೇನೆ. ಲೋ ಸೋಡಿಯಂ ಉಪ್ಪು ಬೇಡ, ಅದರಲ್ಲಿ ಪೊಟ್ಯಾಷಿಯಂ ಸೇರಿಸಿರುತ್ತಾರೆ. ಜ್ವರ, ನೋವಿಗೆ ಐಬುಪ್ರೊಫೇನ್ ಕೊಡಬೇಡಿ. ಬಿಪಿ ನೋಡುವಾಗ ತೋಳಿಗೆ ಸುತ್ತುವ ಪಟ್ಟಿ ಮಕ್ಕಳ ಅಳತೆಯದ್ದೇ ಇರಲಿ.

ಇನ್ನು ಎತ್ತರ. ಮಗುವಿನ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ಲೆಕ್ಕ ಹಾಕಲು ಅದು ಬೇಕು. ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಕಸ, ರಿಪೋರ್ಟಲ್ಲಿ 1 ಇದ್ದರೆ ದೊಡ್ಡವರಿಗೆ ನಾರ್ಮಲ್. 115 ಸೆಂಟಿಮೀಟರ್ ಎತ್ತರದ ಮಗುವಿಗೆ ಅದೇ 1 ಇದ್ದರೆ, ಡಾಕ್ಟರ್ ಬಳಸುವ ಸೂತ್ರದಲ್ಲಿ 0.413 ಇಂಟು ಎತ್ತರ 115, ಅದನ್ನು ಕ್ರಿಯಾಟಿನಿನ್ 1ರಿಂದ ಭಾಗಿಸಿದರೆ, ಕಿಡ್ನಿ ರಕ್ತ ಸೋಸುವ ಕೆಲಸ 47ರ ಆಸುಪಾಸು. 90ರ ಮೇಲೆ ಇರಬೇಕಾದದ್ದು! ಎತ್ತರ ತಪ್ಪಾದರೆ ಲೆಕ್ಕವೇ ತಪ್ಪು. ಅಕ್ಕಾ, ಮುಂದಿನ ಸಲ ಹೋದಾಗ ಮಗನ ಚಪ್ಪಲಿ ಬಿಚ್ಚಿಸಿ, ಗೋಡೆಗೆ ನೆಟ್ಟಗೆ ನಿಲ್ಲಿಸಿ ಅಳೆಸಿ. ಎಳನೀರಿನ ಪ್ರಶ್ನೆಯನ್ನೂ ಆಗಲೇ ಕೇಳಿ.