ಹತ್ತು ಬೈಟಿನಲ್ಲಿ ಗುಲಾಬಿಯಾದ ಮರ

ನಮಸ್ಕಾರ. ರೇಡಿಯೋದಲ್ಲಿ ಬಣ್ಣದ ಮಾತು ಹೇಗಪ್ಪಾ ಅನ್ನಿಸಬಹುದು. ಹಳೇ ಕಾಲದ ಹೋಮ್ ಕಂಪ್ಯೂಟರಿಗೆ ಬಣ್ಣ ಅಂದರೆ ಮೊದಲು ಒಂದು ಸಂಖ್ಯೆ. ಹಾಗಾಗಿ ಕಿವಿಗೂ ಹೇಳಬಹುದು.

ಬೇಸಿಗೆ ಶುರುವಾಗುವ ಹೊತ್ತಿಗೆ ಬೆಂಗಳೂರಿನ ಟಬೆಬುಯಾ ಮರಗಳು ಗುಲಾಬಿ ಬಣ್ಣಕ್ಕೆ ತಿರುಗುತ್ತವೆ, ನೋಡಿರುತ್ತೀರಿ ಅಲ್ವಾ? ಅಂಥದ್ದೊಂದು ಮರ, ಅದರ ಕೆಳಗೆ ಒಂದು ಆಟೋ. ಇಷ್ಟನ್ನು ನಾನು ಕಮಾಂಡರ್ ಎಕ್ಸ್16 ಎಂಬ ಕಂಪ್ಯೂಟರಿನಲ್ಲಿ ಬಿಡಿಸಿದೆ. ಇದು ಯೂಟ್ಯೂಬರ್ ಡೇವಿಡ್ ಮರ್ರೆ ಶುರು ಮಾಡಿದ ಯೋಜನೆ. ಯಂತ್ರ ಹೊಸದು, ಗುಣವೆಲ್ಲ 1980ರ ದಶಕದ್ದು. ಹಸಿರು ಮರ ನೋಡನೋಡುತ್ತಲೇ ಗುಲಾಬಿ ಆಗಬೇಕು ಅನ್ನೋದು ನನ್ನ ಆಸೆ.

ಚಿತ್ರದ ಅಗಲ 320 ಚುಕ್ಕಿ, ಎತ್ತರ 240. ಒಂದು ಬೈಟಿನಲ್ಲಿ ಸೊನ್ನೆಯಿಂದ 255ರವರೆಗಿನ ಒಂದು ಸಂಖ್ಯೆ ಹಿಡಿಯುತ್ತದೆ. ಚುಕ್ಕಿಗೊಂದು ಬೈಟ್ ಅಂದರೂ 76,800 ಬೈಟ್. ಆದರೆ ಆ ಬೈಟುಗಳಲ್ಲಿ ಬಣ್ಣವೇ ಇಲ್ಲ! ಸಾಲಾಗಿ 256 ಬಣ್ಣದ ಡಬ್ಬಿ ಇಟ್ಟಿದ್ದೀರಿ ಅಂದುಕೊಳ್ಳಿ. ಚಿತ್ರದಲ್ಲಿರುವುದು ಬರೀ ಡಬ್ಬಿಯ ನಂಬರು. ಡಬ್ಬಿಯಲ್ಲಿ ಏನಿದೆ ಅನ್ನೋದು ವೇರಾ ಎಂಬ ವಿಡಿಯೋ ಚಿಪ್ಪಿನ ಪ್ಯಾಲೆಟ್ಟಿನಲ್ಲಿ, ಅಂದರೆ ಬಣ್ಣಗಳ ಪಟ್ಟಿಯಲ್ಲಿ, ಬೇರೆಯಾಗಿ ಬರೆದಿರುತ್ತದೆ. ಒಂದು ಬಣ್ಣಕ್ಕೆ ಎರಡು ಬೈಟ್: ಮೊದಲನೆಯದರಲ್ಲಿ ಹಸಿರು ಮತ್ತು ನೀಲಿ, ಎರಡನೆಯದರಲ್ಲಿ ಕೆಂಪು. ಒಂದೊಂದಕ್ಕೂ ಸೊನ್ನೆಯಿಂದ 15ರವರೆಗೆ ಅಳತೆ, ಹಾಗಾಗಿ 4,096 ಬಣ್ಣ ಸಿಗುತ್ತವೆ. ನನ್ನ ಎಲೆಗಳಿಗೆ ಐದು ಹಸಿರು ಸಾಕಾಗಿತ್ತು. ಹತ್ತೇ ಬೈಟ್ ಬದಲಾಯಿಸಿದೆ, ಇಡೀ ಮರ ಗುಲಾಬಿ ಆಯಿತು!

ಆಟೋ ಕೂಡ ಆಯಿತು. ಅದರ ಮೈಗೂ ಎಲೆಯ ಹಸಿರನ್ನೇ ಬಳಸಿದ್ದೆ, ಜಾಸ್ತಿ ಯೋಚಿಸಿರಲಿಲ್ಲ. ಕಣ್ಣಿಗೆ ಒಂದೇ ಬಣ್ಣ ಕಂಡರೂ, ಮುಂದೆ ಬೇರೆಬೇರೆಯಾಗಿ ಬದಲಾಗುವ ವಸ್ತುಗಳಿಗೆ ಬೇರೆ ಬೇರೆ ನಂಬರು ಕೊಟ್ಟಿರಬೇಕು. ಪ್ಯಾಲೆಟ್ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ ಇದು, ಚಿತ್ರ ಬಿಡಿಸೋಕೆ ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಂಡರೆ ಆಮೇಲೆ ಒಂದೊಂದು ಚುಕ್ಕಿ ಹುಡುಕಿ ತಿದ್ದುವ ಪಾಡು ತಪ್ಪುತ್ತದೆ.

ಇನ್ನೊಂದು, ಹೊತ್ತು. ಪರದೆ ಮೇಲಿಂದ ಕೆಳಗೆ ಸಾಲು ಸಾಲಾಗಿ ಮೂಡುತ್ತದೆ. ಅರ್ಧದಲ್ಲಿ ಬಣ್ಣ ಬದಲಿಸಿದರೆ ಆ ಒಂದು ಕ್ಷಣ ಮೇಲರ್ಧ ಹಸಿರು, ಕೆಳಗೆ ಗುಲಾಬಿ. ಅದಕ್ಕೇ ಒಂದು ಫ್ರೇಮ್, ಅಂದರೆ ಪರದೆಯ ಒಂದು ಪೂರ್ತಿ ಚಿತ್ರ, ಮುಗಿಯುವ ತನಕ ಕಾದು ಬರೆಯಬೇಕು. 1985ರ ಅಮಿಗಾ ಕಂಪ್ಯೂಟರಿನಲ್ಲಿ ಇದನ್ನೇ ತಿರುವಿ ಹಾಕಿದರು. ಅದರಲ್ಲಿ 32 ಬಣ್ಣದ ರಿಜಿಸ್ಟರುಗಳು, ಅಂದರೆ ನಮ್ಮ ಡಬ್ಬಿಗಳಂಥವೇ, ಜೊತೆಗೆ ಕಾಪರ್ ಅಂತ ಒಂದು ಪುಟ್ಟ ಸಹಾಯಕ. ಪರದೆ ಇಳಿಯುತ್ತಿದ್ದಂತೆ ಅದು ಒಂದೇ ರಿಜಿಸ್ಟರಿಗೆ ಸಾಲಿಗೊಂದು ಬಣ್ಣ ತುಂಬುತ್ತಾ ಹೋಗಿ ಸಂಜೆಯ ಆಕಾಶವನ್ನೇ ಬಿಡಿಸಿಬಿಡುತ್ತಿತ್ತು. ಎಷ್ಟು ಚೆಂದದ ಉಪಾಯ! ಅದಕ್ಕೂ ಮೊದಲಿನ, 1982ರ ಕಮೋಡೋರ್ 64ರಲ್ಲಿ ಈ ಸ್ವಾತಂತ್ರ್ಯ ಇರಲಿಲ್ಲ. ಮೆಮೊರಿಯ 53280ನೇ ವಿಳಾಸಕ್ಕೆ ಪೋಕ್ ಮಾಡಿ, ಅಂದರೆ ಅಲ್ಲಿ ಒಂದು ಸಂಖ್ಯೆ ಬರೆದು, ಪರದೆಯ ಅಂಚಿಗೆ ಯಾವ ಬಣ್ಣ ಅಂತ ಆರಿಸಬಹುದಿತ್ತು, ಆದರೆ ಇದ್ದ 16 ಬಣ್ಣಗಳನ್ನು ಬದಲಿಸುವ ಹಾಗಿರಲಿಲ್ಲ.

ಎಕ್ಸ್16ಗೆ ಎಮ್ಯುಲೇಟರ್ ಇದೆ, ಅಂದರೆ ನಿಮ್ಮ ಕಂಪ್ಯೂಟರಿನಲ್ಲೇ ಅದರ ಹಾಗೆ ನಡೆಯುವ ಸಾಫ್ಟ್‌ವೇರ್, ಯಂತ್ರ ಕೊಳ್ಳಬೇಕಾಗಿಲ್ಲ. ತೆರೆದರೆ ನೀಲಿ ಪರದೆ ಬರುತ್ತದೆ, ಆ ನೀಲಿ 6 ಎಂಬ ನಂಬರಿನ ಡಬ್ಬಿಯದು (ಎಣಿಕೆ ಸೊನ್ನೆಯಿಂದ). ಪೆನ್ನು ತಗೊಳ್ಳಿ, ನಿಧಾನಕ್ಕೆ ಹೇಳುತ್ತೇನೆ: ವಿಪೋಕ್ (ಇಂಗ್ಲಿಷಿನಲ್ಲಿ ವಿ, ಪಿ, ಓ, ಕೆ, ಇ) 1, ಅಲ್ಪವಿರಾಮ, 64012, ಅಲ್ಪವಿರಾಮ, 160. ಎಂಟರ್ ಒತ್ತಿ. ಪರದೆಯ ಹಿನ್ನೆಲೆಯೆಲ್ಲ ಹಸಿರಾಗುತ್ತದೆ. ಮತ್ತೆ ನೀಲಿ ಬೇಕಾದರೆ 160ರ ಜಾಗದಲ್ಲಿ 10 ಹಾಕಿ. ಬರಲಾ, ನಮಸ್ಕಾರ.